ಎದೆಕಟ್ಟು

ಆ ಊರಿನ ನೆತ್ತಿಯ ಮೇಲೆ ಒಂದು ಬಂಡೆ ಇತ್ತು. ಗುಡ್ಡದ ತುದಿಯಿಂದ ಅರ್ಧ ಹೊರಗೆ ಚಾಚಿಕೊಂಡು, ಈಗ ಬಿದ್ದೇನು ಆಗ ಬಿದ್ದೇನು ಎನ್ನುವ ಹಾಗೆ ನಿಂತಿತ್ತು. ಅದು ಎಂದೂ ಬಿದ್ದಿರಲಿಲ್ಲ. ಬೀಳದೆ ಇದ್ದದ್ದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ಬಂಡೆ ಮಲಗಿದೆ. ಮಲಗಿದ್ದನ್ನು ಎಬ್ಬಿಸಬಾರದು. ಅದನ್ನು ಎಬ್ಬಿಸುವುದು ಗುಡುಗಲ್ಲ, ಮಳೆಯಲ್ಲ, ಮನುಷ್ಯರ ದೊಡ್ಡ ಉಸಿರು. ಗುಡುಗಿಗೇ ಏಳದ ಬಂಡೆ ಮನುಷ್ಯನ ಉಸಿರಿಗೆ ಹೇಗಪ್ಪಾ ಏಳುತ್ತದೆ ಎಂದು ನೀವು ಕೇಳಬಹುದು. ನಿಮ್ಮ ಎದೆಯಲ್ಲಿ ಅಷ್ಟು ಗಾಳಿ ಇದೆ, ಕೇಳುತ್ತೀರಿ. ಅಷ್ಟುದ್ದದ ಪ್ರಶ್ನೆ ಕೇಳುವ ಉಸಿರು ಆ ಊರಲ್ಲಿ ಯಾರಿಗೂ ಇರಲಿಲ್ಲ.

ಏಕೆಂದರೆ ಅಲ್ಲಿ ಎಲ್ಲರ ಎದೆಗೂ ಕಟ್ಟು. ಹಾಲುಹಲ್ಲು ಬಿದ್ದ ವರ್ಷವೇ ಮಗುವಿನ ಎದೆಗೆ ಹಸಿ ತೊಗಲಿನ ಬಾರು ಸುತ್ತುತ್ತಿದ್ದರು, ಅದಕ್ಕೂ ಎಳೆಯ ಎದೆಯಲ್ಲಿ ದೊಡ್ಡ ಉಸಿರು ಹಿಡಿಸದೆಂದು ಬಿಡುತ್ತಿದ್ದರು. ಎಲುಬುಗಳು ಉಸಿರಿಗಾಗಿ ಅಗಲವಾಗುವ ಜಾಗ ಇದೆಯಲ್ಲ, ಸರಿಯಾಗಿ ಅಲ್ಲಿಗೆ. ಹಸಿ ತೊಗಲು ಒಣಗುತ್ತ ಬಿಗಿಯುತ್ತದೆ, ಒಣಗಿದ ಮೇಲೆ ಅದಕ್ಕೆ ಮೇಣ ತಿಕ್ಕುತ್ತಿದ್ದರು. ಆಮೇಲೆ ಕೆರೆಯಲ್ಲಿ ಮುಳುಗಿ ಕೂತರೂ ಅದು ಸಡಿಲವಾಗದು. ವರ್ಷಕ್ಕೊಮ್ಮೆ, ಸೂರ್ಯ ಬಂಡೆಯ ನೆತ್ತಿಯ ಮೇಲೆ ಬಂದು ನಿಲ್ಲುವ ದಿನ, ಹೊಸ ಬಾರು. ಹೊಸದನ್ನು ಕಟ್ಟಿದ ಮೇಲೆಯೇ ಹಳೆಯದನ್ನು ಕೊಯ್ಯಬೇಕು. ಒಂದು ಗಳಿಗೆಯೂ ಯಾರ ಎದೆಯೂ ಬಿಡುವಾಗಿ ಇರಕೂಡದು.

ಹಾಗಾಗಿ ಆ ಊರಲ್ಲಿ ಯಾರೂ ಓಡುತ್ತಿರಲಿಲ್ಲ. ಯಾರೂ ಹಾಡುತ್ತಿರಲಿಲ್ಲ. ಜೋಗುಳವನ್ನು ಒಂದೊಂದೇ ಪದ ಮಾಡಿ, ನಡುವೆ ತಡೆದು ತಡೆದು ಹೇಳುತ್ತಿದ್ದರು, ಮಕ್ಕಳು ಆ ತಡೆಯಲ್ಲೇ ನಿದ್ದೆ ಹೋಗುತ್ತಿದ್ದವು. ನಗು ಬಂದರೆ ಬಾಯಿಗೆ ಸೆರಗು. ಜಗಳ ಆಡುವವರು ಒಬ್ಬರಿಗೊಬ್ಬರು ಒಂದೊಂದು ಬೈಗುಳ ಬೈದು, ಗೋಡೆಗೆ ಒರಗಿ ಸುಧಾರಿಸಿಕೊಂಡು, ಮತ್ತೊಂದು ಬೈಯುತ್ತಿದ್ದರು. ದಾರಿಯಲ್ಲಿ ಎದುರಾದರೆ ಕ್ಷೇಮಸಮಾಚಾರ ಇಷ್ಟೇ.

"ಮಲಗೇತೇನು?"

"ಮಲಗೇತಿ."

ಈ ಬಾರುಗಳನ್ನು ಕಟ್ಟುತ್ತಿದ್ದವಳು ಒಬ್ಬಳೇ. ಅವಳನ್ನು ಕಟ್ಟುವವಳು ಎಂದೇ ಕರೆಯುತ್ತಿದ್ದರು. ಅವಳ ತಾಯಿಯೂ ಕಟ್ಟುವವಳೇ, ಅಜ್ಜಿಯೂ ಕಟ್ಟುವವಳೇ. ಅವಳ ಗಂಟು ಬಿಚ್ಚಿದವರು ಹುಟ್ಟಿಲ್ಲ ಎಂದು ಊರು ಹೊಗಳುತ್ತಿತ್ತು, ಅವಳೂ ಆ ಹೊಗಳಿಕೆಗೆ ಉಬ್ಬುತ್ತಿದ್ದಳು, ಬಾರು ಬಿಟ್ಟಷ್ಟು.

ಕಟ್ಟುವುದರಲ್ಲಿ ಒಂದು ಹಿಕಮತ್ತು ಇತ್ತು. ಜನ ಬಲು ಜಾಣರು. ಬಾರು ಸುತ್ತುವಾಗ ಇದ್ದಬದ್ದ ಗಾಳಿಯನ್ನೆಲ್ಲ ಎಳೆದುಕೊಂಡು ಎದೆ ಬಿರುಸು ಮಾಡಿ ನಿಲ್ಲುತ್ತಿದ್ದರು. ಹಾಗೆ ಕಟ್ಟಿಸಿಕೊಂಡರೆ ಆಮೇಲೆ ಒಂದು ಬೆರಳಿನಷ್ಟು ಜಾಗ ಉಳಿದೀತು, ವರ್ಷವಿಡೀ ಆ ಬೆರಳಷ್ಟು ಸುಖ. ಕಟ್ಟುವವಳ ಕೆಲಸ ಅದನ್ನು ತಪ್ಪಿಸುವುದು. ಅವಳು ಒತ್ತುತ್ತಿರಲಿಲ್ಲ, ಗದರುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳುತ್ತಿದ್ದಳು, ಅಷ್ಟೇ. ಯಾರಿಗೆ ಯಾವ ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲವೋ ಅದನ್ನೇ ಕೇಳುತ್ತಿದ್ದಳು. ವರ್ಷವಿಡೀ ಬಾವಿಕಟ್ಟೆಯಲ್ಲಿ ಕೊಡ ಇಟ್ಟುಕೊಂಡು ನಿಂತು, ಅವರಿವರ ಮನಸ್ಸು ಹೆಕ್ಕಿ ಇಟ್ಟುಕೊಳ್ಳುತ್ತಿದ್ದಳು. ಗಾಣದವನಿಗೆ ಅವನ ಎತ್ತಿನ ಮಾತು ಎತ್ತಿದರೆ ಸಾಕು. ಹೊಸ ಮದುವೆಯವಳಿಗೆ ಗಂಡನ ಮಾತು. ಕೂಸು ಕಳೆದುಕೊಂಡ ಒಬ್ಬ ತಾಯಿ ಇದ್ದಳು. ಅವಳು ತುಟಿ ಕಚ್ಚಿ ನಿಂತಿದ್ದಾಗ ಕಟ್ಟುವವಳು ಮೆಲ್ಲಗೆ ಕೇಳಿದ್ದಳು, "ನಿನ ಕೂಸು ನಕ್ಕರ ಹ್ಯಾಂಗ ಕಾಣತಿತ್ತ?" ಆ ತಾಯಿ ಉತ್ತರ ಹೇಳಿದಳು. ಹೇಳಿ ಮುಗಿಸುವಾಗ ಎದೆಯಲ್ಲಿ ಗಾಳಿ ತಳ ಕಂಡಿತ್ತು. ಆ ತಳದಲ್ಲಿ ಗಂಟು ಬಿತ್ತು.

ಕ್ರೂರಿಯೇ ಇವಳು ಎಂದರೆ, ಅಲ್ಲ. ಊರು ಉಳಿಯಬೇಕಲ್ಲ. ಅವಳು ನಂಬಿದ್ದಳು, ನಂಬಿ ದುಡಿದಳು, ದುಡಿದು ಸಂಜೆ ಬಂಡೆಯ ಕಡೆ ನೋಡಿ ಕೈ ಮುಗಿದಳು.

ಕಟ್ಟುವವಳಿಗೆ ಒಬ್ಬಳೇ ಮಗಳು. ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದ ವರ್ಷ, ಕಟ್ಟುವ ದಿನವೂ ಹತ್ತಿರ ಬಂತು. ಬಸುರಿಯರಿಗೆ ಆ ಊರಲ್ಲಿ ರಿಯಾಯಿತಿ ಇರಲಿಲ್ಲ. ಒಂದು ಮೈಯಲ್ಲಿ ಎರಡು ಉಸಿರು, ಬಂಡೆಗೆ ಎರಡು ಪಟ್ಟು ಕೇಳಿಸುತ್ತದೆ. ಅದಕ್ಕೆ ಅವರಿಗೆ ಒಂದು ಸುತ್ತು ಹೆಚ್ಚು. ಕಟ್ಟುವವಳು ಎಷ್ಟೋ ಬಸುರಿಯರಿಗೆ ಆ ಹೆಚ್ಚಿನ ಸುತ್ತು ಹಾಕಿದ್ದಳು. ಅವರು ಕಣ್ಣಲ್ಲಿ ನೀರು ತಂದುಕೊಂಡರೆ ಬೆನ್ನು ಸವರಿ, "ತಡಕೋ ತಾಯಿ. ಎಲ್ಲಾರೂ ತಡಕೊಂಡಾರ," ಎಂದಿದ್ದಳು. ಅವರಲ್ಲಿ ಕೆಲವರು ತಡೆದುಕೊಂಡಿರಲಿಲ್ಲ. ಆ ಮನೆಗಳ ಮುಂದೆ ಹಾಯುವಾಗ ಕಟ್ಟುವವಳು ತಲೆ ತಗ್ಗಿಸಿ ನಡೆಯುತ್ತಿದ್ದಳು, ನಡೆದು ಮುಂದಿನ ಓಣಿಗೆ ಹೋದ ಮೇಲೆ ಮರೆಯುತ್ತಿದ್ದಳು.

ಬೆಂಕಿ ತನ್ನ ಸೆರಗಿಗೆ ಹತ್ತಿದಾಗಲೇ ಅದು ಬಿಸಿ ಅಂತ ತಿಳಿಯುವುದು. ಮಗಳು ಈಗಲೇ, ಹಳೆಯ ಬಾರಿನಲ್ಲೇ, ಮೆಟ್ಟಿಲ ಮೇಲೆ ಕೂತು ಕೂತು ಹತ್ತುತ್ತಿದ್ದಳು. ಹೊಟ್ಟೆಯ ಕೂಸು ಬೆಳೆಯುತ್ತ ಮೇಲಕ್ಕೆ ಒತ್ತುತ್ತಿತ್ತು. ಕೆಳಗಿನಿಂದ ಕೂಸು, ಸುತ್ತಲಿಂದ ಬಾರು, ನಡುವೆ ಉಸಿರು ಬಾಗಿಲ ಸಂದಿಯ ಬೆರಳಿನ ಹಾಗೆ ಸಿಕ್ಕಿಕೊಂಡಿತ್ತು. ಇದರ ಮೇಲೆ ಹೊಸ ಕಟ್ಟು, ಇನ್ನೊಂದು ಸುತ್ತು. ಕಟ್ಟುವವಳು ಜೋಳದ ಹಿಟ್ಟು ಕಲಸುತ್ತ ಕಲಸುತ್ತ ಇದನ್ನೇ ಯೋಚಿಸಿದಳು. ಯೋಚಿಸಿ, ತನ್ನ ಬದುಕಿನಲ್ಲಿ ಎಂದೂ ಆಡದ ಮಾತು ಆಡಿದಳು.

"ಆ ದಿನ ಉಸಿರು ತುಂಬಿಕೋ. ಹಿಡಕೊಂಡು ನಿಂದರು."

ಮಗಳು ಕಣ್ಣರಳಿಸಿದಳು.

"ನಾ ಏನರ ಕೇಳತೀನಿ. ಮಾತಾಡಬ್ಯಾಡ."

"ಅವ್ವ. ಬಂಡೆ?"

"ಬಂಡೆ ನನಗ ಬಿಡು."

ಹೇಳಿದ ಮೇಲೆ ಅವಳಿಗೆ ಭಯವಾಯಿತು. ಹೊರಗೆ ಬಂದು ಮೇಲೆ ನೋಡಿದಳು. ಬಂಡೆ ಮಲಗಿತ್ತು.

ಕಟ್ಟುವ ದಿನ ಊರೆಲ್ಲ ಗುಡ್ಡದ ಬುಡದಲ್ಲಿ ಸೇರಿತು. ಹಸಿ ಬಾರುಗಳು ಹರಿವಾಣದ ನೀರಿನಲ್ಲಿ ತೇಲುತ್ತಿದ್ದವು. ಊರಿನ ಹಿರಿಯ ಎಂದಿನಂತೆ ಕಲ್ಲಿನ ಮೇಲೆ ಕೂತಿದ್ದ. ಪ್ರತಿಯೊಬ್ಬರ ಕಟ್ಟು ಮುಗಿದ ಮೇಲೆ ಅವರ ಬೆನ್ನಿಗೆ ಅಂಗೈ ಇಟ್ಟು, ಉಸಿರು ಎಷ್ಟು ಎತ್ತುತ್ತದೆ ಎಂದು ನೋಡುವುದು ಅವನ ಕೆಲಸ. ಸ್ವಲ್ಪ ಸಡಿಲ ಕಂಡರೂ ಅವನ ಅಂಗೈಗೆ ಗೊತ್ತಾಗುತ್ತಿತ್ತು. ಆದರೆ ಕಟ್ಟುವವಳ ಮೇಲಿನ ನಂಬಿಕೆಯಿಂದ ಅವನು ಈಚೆಗೆ ಅಂಗೈಯನ್ನು ಸುಮ್ಮನೆ ಮುಟ್ಟಿಸಿ ತೆಗೆಯುತ್ತಿದ್ದ. ಅವಳ ಆಸೆಯೆಲ್ಲ ಆ ಅಂಗೈಯ ಮೇಲಿತ್ತು.

ಮಗಳ ಸರದಿ ಬಂತು. ಮಗಳು ಎರಡೂ ಕೈ ಎತ್ತಿ ನಿಂತಳು, ತುಂಬಿಕೊಂಡಳು, ಹಿಡಿದುಕೊಂಡಳು. ಕಟ್ಟುವವಳು ಬಾರು ಸುತ್ತಿದಳು. ಪ್ರಶ್ನೆ ಕೇಳಬೇಕು, ಕೇಳದಿದ್ದರೆ ಊರು ಅನುಮಾನಪಡುತ್ತದೆ. ಅವಳು ಯಾರಿಗೂ ಉತ್ತರ ಹೇಳಬೇಕೆನ್ನಿಸದ, ಬೆಲೆಯಿಲ್ಲದ ಒಂದು ಪ್ರಶ್ನೆಯನ್ನು ಹುಡುಕಿ ಇಟ್ಟುಕೊಂಡಿದ್ದಳು.

"ನಿನ್ನೆ ಗಾಳಿ ಎತ್ತಾಗಿಂದ ಬೀಸಿತ?"

ಮಗಳು ತುಟಿ ಬಿಚ್ಚಲಿಲ್ಲ. ಎದೆ ಗಟ್ಟಿಯಾಗಿ ನಿಂತಿತ್ತು. ಇನ್ನು ಗಂಟು ಹಾಕುವುದೊಂದು ಬಾಕಿ, ಸಡಿಲವಾದ ಒಂದು ಗಂಟು. ಆದರೆ ಆ ಕೈಗಳು ಸಡಿಲ ಗಂಟು ಹಾಕಿದವೇ ಅಲ್ಲ. ಬಿಗಿಯುವುದು ನಿದ್ದೆಯಲ್ಲೂ ಬರುತ್ತಿತ್ತು, ಬಿಡುವುದು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಅವು ನಡುಗತೊಡಗಿದವು. ಬಾರಿನ ತುದಿಯಿಂದ ನೀರು ತಟತಟ ಬಿತ್ತು. ಮಗಳು ಆ ಕೈಗಳನ್ನು ನೋಡಿದಳು. ತಾಯಿಯ ಕೈ ನಡುಗಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವಳಿಗೆ ಎಲ್ಲ ಮರೆತುಹೋಯಿತು.

"ಅವ್ವ, ಯಾಕ ನಡಗತೀ, ನನಗೇನೂ ಆಗೂದಿಲ್ಲ, ಹೆದರಬ್ಯಾಡ," ಎಂದಳು.

ಅಷ್ಟುದ್ದದ ಮಾತನ್ನು ಅವಳು ಹಿಂದೆಂದೂ ಆಡಿರಲಿಲ್ಲ. ಕೊನೆಯ ಪದಕ್ಕೆ ಎದೆಯ ಗಾಳಿ ಪೂರಾ ಬರಿದಾಯಿತು. ಬರಿದಾದ ಎದೆ ಬೆರಳಿಗೆ ಸಿಕ್ಕ ಕ್ಷಣವೇ ತಾಯಿಯ ಕೈಗಳ ನಡುಕ ನಿಂತಿತು. ಅವುಗಳಿಗೆ ಗೊತ್ತಿದ್ದ ಕೆಲಸ ಬಂದಿತ್ತು. ಕಟ್ಟುವವಳು ಬೇಡ ಬೇಡ ಎಂದುಕೊಳ್ಳುವಷ್ಟರಲ್ಲಿ ಕೈಗಳು ಎಳೆದಿದ್ದವು, ತಿರುವಿದ್ದವು, ಗಂಟು ಹಾಕಿ ಆಗಿತ್ತು.

ಹಿರಿಯ ಬೆನ್ನಿಗೆ ಅಂಗೈ ಇಟ್ಟ. ಬಹಳ ಹೊತ್ತು ಇಟ್ಟ.

"ಇಂಥಾ ಕಟ್ಟು... ನೋಡಿಲ್ಲ," ಎಂದ. ಜನ ಮೆಚ್ಚಿ ತಲೆದೂಗಿದರು. ಸ್ವಂತ ಮಗಳೆಂದು ಕೂಡ ನೋಡಲಿಲ್ಲ, ನೋಡಿ ಹೇಗೆ ಕಟ್ಟಿದಳು ಎಂದು ಕಣ್ಣಲ್ಲೇ ಆಡಿಕೊಂಡರು. ಹಳೆಯ ಬಾರನ್ನು ಕೊಯ್ದು ಹಾಕಿದರು.

ತೊಗಲು ಒಣಗತೊಡಗಿತು. ಬಿಸಿಲಿನ ದಿನಗಳು, ಬೇಗ ಒಣಗಿತು. ಮಗಳಿಗೆ ಮಲಗಲು ಆಗದಾಯಿತು, ಮಲಗಿದರೆ ಕೂಸು ಪಕ್ಕೆಲುಬಿನ ಕೆಳಗೆ ಏರಿ ಬರುತ್ತಿತ್ತು. ಗೋಡೆಗೆ ದಿಂಬು ಒಟ್ಟಿ ಕೂರಿಸಿದರು. ಉಣ್ಣಲು ಆಗದಾಯಿತು, ತುತ್ತು ಇಳಿದರೆ ಉಸಿರಿನ ಜಾಗ ತುತ್ತು ತಿನ್ನುತ್ತಿತ್ತು. ತಾಯಿ ಅಂಬಲಿಯನ್ನು ಚಿಪ್ಪಿನಲ್ಲಿ ಗುಟುಕು ಗುಟುಕಾಗಿ ಕುಡಿಸಿದಳು. ಮಗಳ ತುಟಿ ನೇರಳೆ ಹಣ್ಣು ತಿಂದವಳ ತುಟಿಯಂತಾಯಿತು, ಉಗುರೂ ಹಾಗೇ ಆಯಿತು. ಮೊದಲು ಮೂರು ಪದ ಆಡುತ್ತಿದ್ದವಳು ಎರಡು ಆಡಿದಳು, ಆಮೇಲೆ ಒಂದು. ಆ ಒಂದು ಪದ ಅವ್ವ. ಕಟ್ಟುವವಳು ಪಕ್ಕದಲ್ಲಿ ಕೂತು ಹೆಗಲ ಎಲುಬು ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದಳು. ಎದೆ ಅಲ್ಲಾಡದವಳು ಹೆಗಲಿನಿಂದ ಉಸಿರಾಡಬೇಕು, ಹಗಲೆಲ್ಲ ಕಲ್ಲು ಹೊತ್ತವಳಂತೆ ಮಗಳು ಬೆವರುತ್ತಿದ್ದಳು.

ತಾಯಿ ಗಂಟಿಗೆ ಉಗುರು ಹಾಕಿದಳು, ಹಲ್ಲು ಹಾಕಿದಳು, ಬಿಸಿ ಎಣ್ಣೆ ಬಿಟ್ಟಳು. ಅವಳ ಗಂಟು ಬಿಚ್ಚಿದವರು ಹುಟ್ಟಿರಲಿಲ್ಲ, ಅವಳೂ ಹುಟ್ಟಿರಲಿಲ್ಲ. ಕೊನೆಗೆ ಸೆರಗು ಹೊದ್ದು ಹಿರಿಯನ ಮನೆಗೆ ನಡೆದಳು.

"ಅಜ್ಜಾರ. ಕೊಯ್ಯಾಕ... ಅಪ್ಪಣಿ ಕೊಡ್ರಿ."

ಹಿರಿಯ ಕೆಟ್ಟವನಲ್ಲ. ಅವನಿಗೂ ಹೆಣ್ಣುಮಕ್ಕಳಿದ್ದರು. ಅವನು ಅವಳನ್ನು ಕೂರಿಸಿ ನೀರು ಕೊಟ್ಟ.

"ದಾರಿ ಐತಿ. ಊರ ಮಾತು... ಹೇಳಬೇಕು."

ಊರ ಮಾತು ಎಂದರೆ ಹಿಂದಿನವರು ಮಾಡಿಟ್ಟ ಒಂದು ವಾಕ್ಯ. ಹೊಸದು ಕಟ್ಟದೆ ಹಳೆಯದನ್ನು ಕೊಯ್ಯಬೇಕಾದರೆ ಊರಿನವರಲ್ಲಿ ಯಾರಾದರೂ ಒಬ್ಬರು ಬಂಡೆಯ ಎದುರು ನಿಂತು ಆ ವಾಕ್ಯವನ್ನು ಒಂದೇ ಉಸಿರಿಗೆ, ಎಲ್ಲೂ ತಡೆಯದೆ ಹೇಳಬೇಕು. ತಡೆದರೆ ಲೆಕ್ಕಕ್ಕಿಲ್ಲ. ಕಟ್ಟಿಲ್ಲದ ಎಳೆಯ ಮಕ್ಕಳು ಹೇಳಿದರೂ ಲೆಕ್ಕಕ್ಕಿಲ್ಲ. ಆ ವಾಕ್ಯ ಹೀಗಿತ್ತು: ಬಂಡೆಯೇ, ನಿನ್ನ ನೆರಳಿನಲ್ಲಿ ಹುಟ್ಟಿ, ನಿನ್ನ ನೆರಳಿನಲ್ಲೇ ಬೆಳೆದು, ನಿನ್ನ ನಿದ್ದೆಯನ್ನೇ ನಮ್ಮ ಬಾಳೆಂದು ತಿಳಿದು ಕಾಯ್ದುಕೊಂಡು ಬಂದಿರುವ ನಾವು, ಈ ಒಂದು ಜೀವದ ಎದೆಯ ಕಟ್ಟನ್ನು ಕೊಯ್ಯುವುದರಿಂದ ಏನೇ ಆದರೂ ಅದರ ಪಾಪ ಇವಳೊಬ್ಬಳದಲ್ಲ, ಊರಿನವರೆಲ್ಲರದು ಎಂದು ಮನಸಾರೆ ಒಪ್ಪಿ, ಈ ಕಟ್ಟನ್ನು ಕೊಯ್ಯಲು ಅಪ್ಪಣೆ ಕೊಡುತ್ತಿದ್ದೇವೆ. ಎಷ್ಟು ಒಳ್ಳೆಯ ವಾಕ್ಯ. ಅದನ್ನು ಕಟ್ಟಿದವರ ಎದೆಗೆ ಮಾತ್ರ ಏನೂ ಕಟ್ಟಿರಲಿಲ್ಲ ಎಂದು ನನ್ನ ಗುಮಾನಿ.

ಮರುದಿನ ನಸುಕಿಗೇ ಊರು ಸೇರಿತು. ಮೊದಲು ಹಿರಿಯನೇ ನಿಂತ. "ನಮ್ಮ ಬಾಳೆಂದು" ಎನ್ನುವಲ್ಲಿ ಕೆಮ್ಮು ಬಂದು ಕುಸಿದ. ಗಾಣದವನು ಅವನಿಗಿಂತ ಒಂದು ಪದ ಮುಂದೆ ಹೋದ. ಹೊಸ ಮದುವೆಯವಳು "ನೆರಳಿನಲ್ಲಿ" ಎನ್ನುವುದನ್ನೇ ದಾಟಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದರು. ಆ ಊರಿನವರ ಬಗ್ಗೆ ಯಾರೂ ಹಗುರವಾಗಿ ಮಾತಾಡಬೇಡಿ, ಒಬ್ಬರೂ ಹಿಂದೆ ಉಳಿಯಲಿಲ್ಲ, ಬಾಯಿ ಒಣಗುವವರೆಗೆ ಹೇಳಿದರು. ಎಲ್ಲರಿಗೂ ಮನಸ್ಸಿತ್ತು, ಒಬ್ಬರಿಗೂ ಉಸಿರಿರಲಿಲ್ಲ. ಕೂಸು ಕಳೆದುಕೊಂಡ ಆ ತಾಯಿ ಎಲ್ಲರಿಗಿಂತ ಹೆಚ್ಚು ಸಲ ಬಂದು ನಿಂತಳು. ಕತ್ತಿನ ನರ ಉಬ್ಬಿಸಿ, ಕಣ್ಣು ಕೆಂಪಗೆ ಮಾಡಿಕೊಂಡು, "ಕೊಯ್ಯುವುದರಿಂದ" ಎನ್ನುವವರೆಗೂ ಹೋದಳು. ಮತ್ತೆ ಮೊದಲಿನಿಂದ ಶುರುಮಾಡಿದಳು. ಕಟ್ಟುವವಳಿಗೆ ಅವಳ ಮುಖ ನೋಡಲು ಆಗಲಿಲ್ಲ. ಆ ಎದೆಯನ್ನು ಬರಿದು ಮಾಡಿ ಕಟ್ಟಿದವಳು ತಾನು, ಸತ್ತ ಕೂಸಿನ ನಗುವಿನ ಮಾತು ಎತ್ತಿ ಕಟ್ಟಿದವಳು. ಈಗ ಅದೇ ಎದೆಯಲ್ಲಿ ತನ್ನ ಮಗಳಿಗಾಗಿ ಗಾಳಿ ಸಾಲುತ್ತಿಲ್ಲ. ನಾಚಿಕೆಯಿಂದ ಅವಳಿಗೆ ಭೂಮಿಗಿಳಿದು ಹೋದಂತಾಯಿತು.

ಕಡೆಗೆ ತಾನೇ ನಿಂತಳು. ಅರ್ಧಕ್ಕೂ ಬರಲಿಲ್ಲ.

"ನಾಳೆ ಮತ್ತ... ನೋಡೂಣು," ಎಂದ ಹಿರಿಯ. ಅವನ ಗಡ್ಡ ಕಣ್ಣೀರಿನಿಂದ ಒದ್ದೆಯಾಗಿತ್ತು.

ಕಟ್ಟುವವಳು ಮನೆಗೆ ಬಂದಳು. ಮಗಳ ಬಾಯಲ್ಲಿ ಈಗ ಆ ಒಂದು ಪದವೂ ಇರಲಿಲ್ಲ. ತಾಯಿ ಗೂಡಿನಿಂದ ರಂಪಿಗೆ ತೆಗೆದಳು, ಹಳೆಯ ಬಾರು ಕೊಯ್ಯುವ ಅಗಲ ಬಾಯಿಯ ಅಲಗು. ಇವಳಿಗೆ ಈಗ ಬುದ್ಧಿ ಬಂತು, ಬಂಡೆಯ ಮಾತೆಲ್ಲ ಸುಳ್ಳೆಂದು ತಿಳಿಯಿತು ಎಂದು ನೀವು ಅಂದುಕೊಂಡರೆ ತಪ್ಪು. ಅವಳು ನಂಬಿಯೇ ಇದ್ದಳು. ಬಾರು ಹರಿದ ಕೂಡಲೇ ಬಂಡೆ ಉರುಳುತ್ತದೆ, ಗಾಣದವನ ಮನೆ, ಹಿರಿಯನ ಮನೆ, ಆ ಕೂಸಿಲ್ಲದ ತಾಯಿಯ ಮನೆ, ಎಲ್ಲ ಮಣ್ಣಾಗುತ್ತವೆ ಎಂದು ನಂಬಿದ್ದಳು. ನಂಬಿಕೊಂಡೇ ಮಗಳ ಪಕ್ಕೆಗೂ ಬಾರಿಗೂ ನಡುವೆ ಅಲಗು ತೂರಿಸಿದಳು. ಅಷ್ಟು ದೊಡ್ಡ ಪಾಪವನ್ನು ಗೊತ್ತಿದ್ದೂ ಹೊತ್ತವಳು ಆ ಊರಲ್ಲಿ ಮತ್ತೊಬ್ಬಳಿಲ್ಲ.

ಬಾರು ಟಪ್ಪೆಂದು ಹರಿಯಿತು. ಮಟಮಟ ಮಧ್ಯಾಹ್ನ, ಓಣಿಗೆಲ್ಲ ಕೇಳಿತು. ಏನೆಂದು ಎಲ್ಲರಿಗೂ ಗೊತ್ತಾಯಿತು. ಓಡುವ ಊರಲ್ಲವಲ್ಲ, ಜನ ಹೊರಗೆ ಬಂದು ಗೋಡೆಗಳಿಗೆ ಅಂಟಿ ಕೂತು, ತಲೆಯ ಮೇಲೆ ಕೈ ಇಟ್ಟುಕೊಂಡು ಕಾದರು. ಬಂಡೆಯ ಮೇಲೆ ಒಂದು ಓತಿಕ್ಯಾತ ಸರಿದುಹೋಯಿತು. ಬೇರೇನೂ ಅಲ್ಲಾಡಲಿಲ್ಲ.

ಒಳಗೆ ತಾಯಿ ಮಗಳ ಮುಖ ಎತ್ತಿ ಹಿಡಿದಳು.

"ಕಟ್ಟು ಹೋತು. ಉಸಿರು ತಗೋ."

ಮಗಳು ಬಾಯಿ ತೆರೆದಳು. ಹೆಗಲು ಎದ್ದವು, ಬಿದ್ದವು. ಮೊದಲಿನಷ್ಟೇ.

"ದೊಡ್ಡದು ತಗೋ ಮಗಳ."

ಮಗಳು ತಾಯಿಯನ್ನು ನೋಡಿದಳು. ಅವಳ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಬೆರಗಿತ್ತು.

"ಹ್ಯಾಂಗ?" ಎಂದಳು.

ತಾಯಿ ತೋರಿಸಲು ಹೋದಳು. ತನ್ನ ಎದೆ ಎತ್ತಿದಳು, ಅದು ತನ್ನ ಬಾರಿಗೆ ತಾಗಿ ನಿಂತಿತು. ರಂಪಿಗೆಯಿಂದ ತನ್ನ ಬಾರನ್ನೂ ಕೊಯ್ದುಕೊಂಡಳು. ನೋಡು, ಹೀಗೆ, ಎಂದು ತೋರಿಸಲು ಮತ್ತೆ ಹೋದಳು. ಆದರೆ ಬಾರು ಇಲ್ಲದ ಎದೆಯೂ ಬಾರು ಇದ್ದ ಜಾಗಕ್ಕೇ ಬಂದು ನಿಂತಿತು, ಅಲ್ಲಿಂದ ಮುಂದಕ್ಕೆ ಅದಕ್ಕೆ ದಾರಿ ಗೊತ್ತಿರಲಿಲ್ಲ. ಹಾಲುಹಲ್ಲಿನ ಕಾಲದಿಂದ ಮಡಿಚಿಟ್ಟ ಎಲುಬು ಇದ್ದಕ್ಕಿದ್ದಂತೆ ಬಿಚ್ಚು ಎಂದರೆ ಬಿಚ್ಚೀತೆ? ಈ ಊರಲ್ಲಿ ಯಾರ ಎದೆಯನ್ನಾದರೂ ಬರಿದು ಮಾಡುವುದು ಅವಳಿಗೆ ಗೊತ್ತಿತ್ತು. ತುಂಬುವುದು ಹೇಗೆಂದು ಅವಳಿಗೂ ಗೊತ್ತಿರಲಿಲ್ಲ, ಓಣಿ ಓಣಿ ತಿರುಗಿ ಕೇಳಿದರೂ ಹೇಳುವವರು ಇರಲಿಲ್ಲ.

ಅವಳು ಮಗಳ ಪಕ್ಕೆಗಳಿಗೆ ಎರಡೂ ಅಂಗೈ ಹಚ್ಚಿ, ಬಿಗಿದುಕೊಂಡ ಪೆಟ್ಟಿಗೆಯ ಮುಚ್ಚಳ ತೆಗೆಯುವಂತೆ ಹೊರಗೆ ಎಳೆದು ನೋಡಿದಳು. ಕೈ ಜಾರಿತು. ಮಗಳ ಬಾಯಿಗೆ ಬಾಯಿ ಇಟ್ಟು ತನ್ನ ಉಸಿರನ್ನೇ ಊದಿದಳು. ಅವಳ ಹತ್ತಿರ ಇದ್ದದ್ದು ಒಂದು ಚೂರು, ಆ ಚೂರನ್ನೇ ಊದಿದಳು. ಮಗಳ ಎದೆ ಒಂದು ಕೂದಲೆಳೆ ಎದ್ದಿತು. ಮತ್ತೆ ಊದಿದಳು. ಮತ್ತೆ ಊದಿದಳು. ತನ್ನ ಕಣ್ಣು ಕತ್ತಲಿಟ್ಟು ಬಿದ್ದಳು, ಎದ್ದು ಮತ್ತೆ ಊದಿದಳು. ಬಿಸಿಲು ಹೊಸ್ತಿಲಿನಿಂದ ಹಿಂದೆ ಸರಿಯುವ ಹೊತ್ತಿಗೆ ಊದಿದ ಗಾಳಿ ಊದಿದ ಹಾಗೇ ತಿರುಗಿ ಬರತೊಡಗಿತು. ಮಗಳು ಹೋಗಿದ್ದಳು. ಹೊಟ್ಟೆಯ ಕೂಸು ಆಮೇಲೂ ಸ್ವಲ್ಪ ಹೊತ್ತು ಹೊರಳಾಡಿತು, ಆಮೇಲೆ ಅದೂ ಸುಮ್ಮನಾಯಿತು.

ಬಂಡೆ ಬೀಳಲಿಲ್ಲವೆಂದು ಖಾತ್ರಿಯಾದ ಮೇಲೆ ಜನ ಮನೆಯ ಮುಂದೆ ಬಂದು ನಿಂತರು. ಹಿರಿಯ ಒಳಗೆ ಬಂದ. ಹರಿದ ಬಾರುಗಳನ್ನು ನೋಡಿದ, ಮಗಳ ಮುಖ ನೋಡಿದ, ಕೂತು ಕಣ್ಣೊರೆಸಿಕೊಂಡ. ಅವನ ದುಃಖ ಸುಳ್ಳಲ್ಲ. ಸುಳ್ಳಲ್ಲದ್ದರಿಂದಲೇ ಅವನು ಆಡಿದ ಮಾತನ್ನು ಅವಳಿಗೆ ಸಹಿಸಲು ಆಗಲಿಲ್ಲ.

"ಒಳ್ಳೇಕಿ ನಿನ ಮಗಳು," ಎಂದ. ನಿಂತು ಸುಧಾರಿಸಿಕೊಂಡ. "ಕಟ್ಟು ಹೋತು. ಆದರೂ ದೊಡ್ಡ ಉಸಿರು... ತಗೊಳ್ಳಲಿಲ್ಲ. ಊರು ಉಳಿಸಿದಳು."

ಬಾಗಿಲಲ್ಲಿದ್ದವರು ಹೌದು ಹೌದು ಎಂದು ಕೈ ಮುಗಿದರು.

ಕಟ್ಟುವವಳ ಒಳಗೆ ಒಂದು ಮಾತು ಎದ್ದಿತು. ಅಜ್ಜಾ, ಅವಳು ಯಾರನ್ನೂ ಉಳಿಸಲಿಲ್ಲ, ಉಸಿರಿಗೆ ಬಾಯಿ ತೆರೆದು ನನ್ನ ಮುಖ ನೋಡಿ ಹೇಗೆಂದು ಕೇಳಿದಳು, ನಾನು ಹೆತ್ತವಳು, ನಾನೇ ಕಟ್ಟಿದವಳು, ನನಗೆ ಉತ್ತರ ಹೊಳೆಯಲಿಲ್ಲ, ಬಂಡೆ ಮಲಗಿಯೂ ಇಲ್ಲ ಎದ್ದೂ ಇಲ್ಲ, ಅದು ಕಲ್ಲು, ಕೊಂದದ್ದು ನನ್ನ ಕೈ, ನಿಮ್ಮ ಅಂಗೈ, ನಮ್ಮೆಲ್ಲರ ಒಳ್ಳೆಯತನ, ಇವತ್ತೇ ಮಕ್ಕಳ ಎದೆಯ ಬಾರು ಕೊಯ್ಯಿರಿ, ಅವಕ್ಕಾದರೂ ಇನ್ನೂ ನೆನಪಿದ್ದೀತು. ಇಷ್ಟು ಮಾತು. ನಾನಾದರೆ ಸಲೀಸಾಗಿ ಹೇಳಿಬಿಟ್ಟೆ. ಅವಳು ಬಾಯಿ ತೆರೆದಳು, ಹೆಗಲು ಎತ್ತಿದಳು, ಎಷ್ಟು ಗಾಳಿ ಸಿಕ್ಕಿತೋ ಅಷ್ಟರಲ್ಲಿ ಆಡಿದಳು.

"ಆಕೀಗೆ... ಬರತಿದ್ದಿಲ್ಲ."

ಹಿರಿಯ ಅದನ್ನು ತಾಯಿಯ ವಿನಯ ಎಂದುಕೊಂಡ. ಹೊರಗೆ ನಿಂತವರಿಗೂ ಹಾಗೆಂದೇ ಹೇಳಿದ.